ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ಗಂಟೆ? ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ, ಎಷ್ಟು ಹೊತ್ತು? ಭೂಮಿ ತಿರುಗುವುದರಿಂದ ಪಶ್ಚಿಮಕ್ಕೆ ಹಾರಿದರೆ ಬೇಗ ತಲುಪಬಹುದಂತೆ, ನಿಜವೇ?

ಉತ್ತರ: ದೂರ ಸುಮಾರು 14,000 ಕಿ.ಮೀ. ನಡುವೆ ಎಲ್ಲೂ ಇಳಿಯದ ವಿಮಾನವಾದರೆ 16ರಿಂದ 18 ಗಂಟೆ. ದುಬೈನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಇಳಿದು ಹತ್ತಿದರೆ 20 ಗಂಟೆ ದಾಟುತ್ತದೆ. ಮುಗಿಯಿತು.

ಆದರೆ ಕೊನೆಯಲ್ಲಿ ಒಂದು 'ಅಂತೆ' ಇದೆಯಲ್ಲ, ಅದನ್ನು ಸುಮ್ನೆ ಬಿಡುವ ಹಾಗಿಲ್ಲ. ಎಷ್ಟು ಸಲ ಹೇಳಿದರೂ ಮತ್ತೆ ಬರುತ್ತದೆ. ವಿಮಾನ ಮೇಲೆ ನಿಂತರೆ ಸಾಕು, ಊರೇ ಕೆಳಗೆ ಬರುತ್ತದೆ ಅನ್ನುವ ವಾದ. ಸರಿ, ಲೆಕ್ಕ ಹಾಕೋಣ. ಬೆಂಗಳೂರಿನ ನೆಲ ಗಂಟೆಗೆ 1,600 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ಮಂಗಳೂರು ಇರುವುದು ಹೆಚ್ಚುಕಮ್ಮಿ ನೇರ ಪಶ್ಚಿಮಕ್ಕೆ, 300 ಕಿ.ಮೀ. ಹೆಲಿಕಾಪ್ಟರ್‌ನಲ್ಲಿ ಮೇಲೇರಿ ಕದಲದೆ ನಿಂತರೆ 11 ನಿಮಿಷಕ್ಕೆ ಮಂಗಳೂರು ಬರಬೇಕು! ಹಾಗಿದ್ದರೆ ಶಿರಾಡಿ ಘಾಟ್‌ನಲ್ಲಿ ಮಳೆಗಾಲದಲ್ಲಿ ಲಾರಿ ಹಿಂದೆ ಯಾಕೆ ಕೂತಿರುತ್ತಿದ್ದೆವು?

ಓಡುವ ರೈಲಿನಲ್ಲಿ ಕಡಲೆಕಾಯಿಯೊಂದನ್ನು ಮೇಲಕ್ಕೆ ಎಸೆಯಿರಿ. ನಿಮ್ಮ ಕೈಗೇ ಬೀಳುತ್ತದೆ, ಹಿಂದಿನ ಸೀಟಿನವರ ಮುಖಕ್ಕಲ್ಲ. ರೈಲಿನ ವೇಗ ಅದಕ್ಕೂ ಮೊದಲೇ ಇರುತ್ತದೆ. ದೇವನಹಳ್ಳಿಯ ರನ್‌ವೇಯಲ್ಲಿ ನಿಂತ ವಿಮಾನಕ್ಕೂ ಭೂಮಿಯ ವೇಗ ಹಾಗೇ ಇದೆ. ಅದು ಹಾರುವ ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ.

ಇನ್ನೂ ಒಪ್ಪದವರಿಗೆ: ಆ ವಾದ ನಿಜವಾಗಿದ್ದರೆ ಲಂಡನ್‌ನಿಂದ ಪಶ್ಚಿಮಕ್ಕೆ, ನ್ಯೂಯಾರ್ಕಿಗೆ, ಬೇಗ ಹೋಗಬೇಕಿತ್ತು. ಆಗುವುದು ಉಲ್ಟಾ. ಹೋಗಲು 8 ಗಂಟೆ ಹಿಡಿದರೆ ಬರಲು 7 ಸಾಕು. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕಿನಿಂದ 4 ಗಂಟೆ 56 ನಿಮಿಷಕ್ಕೇ ಲಂಡನ್ನಿಗೆ ಬಂದಿಳಿಯಿತು. ಅದನ್ನು ತಳ್ಳಿದ್ದು ಜೆಟ್ ಸ್ಟ್ರೀಮ್. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿ. ಬೆನ್ನಿಗೆ ಸಿಕ್ಕರೆ ಲಾಭ, ಎದುರಾದರೆ ನಷ್ಟ, ಸೈಕಲ್ ತುಳಿದವರಿಗೆ ಗೊತ್ತು. ಈ ಗಾಳಿಯನ್ನು ಪೂರ್ವಕ್ಕೆ ಬಾಗಿಸುವುದರಲ್ಲಿ ಭೂಮಿಯ ತಿರುಗಾಟದ ಕೈವಾಡ ಇದೆ. ಅಷ್ಟು ಮಟ್ಟಿಗೆ ಭೂಮಿಗೆ ಅರ್ಧ ಮಾರ್ಕ್ಸ್ ಕೊಡೋಣ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಧ್ಯಾಹ್ನ 2ಕ್ಕೆ ಹೊರಟು 17 ಗಂಟೆ ಹಾರಿದರೆ ಅದೇ ತಾರೀಖಿನ ಸಂಜೆ 5.30ಕ್ಕೆ ಇಳಿಯುತ್ತೀರಿ. ನಿಮ್ಮ ಪಾಲಿಗೆ ಆ ತಾರೀಖು ಮೂವತ್ತೇಳೂವರೆ ಗಂಟೆಯದ್ದು. ಹುಟ್ಟುಹಬ್ಬವಾದರೆ ಖುಷಿ, ಏಕಾದಶಿಯಾದರೆ? ತಿಥಿಯ ಲೆಕ್ಕ ಆಯಾ ಊರಿನ ಸೂರ್ಯೋದಯಕ್ಕೆ. ಅಲ್ಲಿ ಏಕಾದಶಿ ಬೇರೆ ತಾರೀಖಿಗೂ ಬೀಳಬಹುದು. ಸೂಟ್‌ಕೇಸಿನಲ್ಲಿ ಒಯ್ದ ಕ್ಯಾಲೆಂಡರ್ ನಂಬಬೇಡಿ ಅಜ್ಜಿಯರೇ, ಅಲ್ಲಿನ ಪಂಚಾಂಗ ನೋಡಿ. ವಿಮಾನದಲ್ಲೇ ಉಪವಾಸ ಬಂದರೆ ಬರೀ ಹಣ್ಣಿನ ಊಟವನ್ನೂ ಹಲವು ವಿಮಾನಗಳಲ್ಲಿ ಕೊಡುತ್ತಾರೆ, ಆದರೆ ಒಂದೆರಡು ದಿನ ಮೊದಲೇ ಹೇಳಿಡಬೇಕು.