ವೆಲ್ಡರ್ ತನ್ನ ಸ್ವಿಚ್ಚನ್ನೇ ಬೆಸೆದರೆ

ಶಿರಸಿ ಕಡೆಯ ತೋಟದ ಮನೆಗಳಲ್ಲಿ ಮಳೆಗಾಲದ ಕರೆಂಟಿಲ್ಲದ ರಾತ್ರಿಗಳಿಗೆಂದು ಇಟ್ಟುಕೊಂಡ ಟಾರ್ಚಿನ ಲಿಥಿಯಂ ಸೆಲ್ ಸತ್ತಾಗ, ಹೊಸ ಸೆಲ್ಲಿಗೆ ನಿಕ್ಕಲ್ ಪಟ್ಟಿ ಬೆಸೆಯಲು ಕೆಪಾಸಿಟರಿನಲ್ಲಿ ತುಂಬಿಟ್ಟ ಚಾರ್ಜನ್ನು ಒಮ್ಮೆಲೇ ಹರಿಸುವ ಕೆಪಾಸಿಟರ್ ವೆಲ್ಡರನ್ನು ತಾವೇ ಕಟ್ಟಿಕೊಳ್ಳುವ ಉತ್ಸಾಹಿಗಳಿದ್ದಾರೆ. ಕಾರಿನ ಸ್ಟೀರಿಯೊಗೆ ಹಾಕುವ 1 ಫ್ಯಾರಡ್ ಕೆಪಾಸಿಟರನ್ನೂ ದಪ್ಪ ತಾಮ್ರದ ಕೇಬಲನ್ನೂ ಅಳೆದು ಸುರಿದು ಆರಿಸುವ ಇವರು, ಸ್ವಿಚ್ಚಿನ ವಿಷಯ ಬಂದಾಗ ಮಾತ್ರ '100 ಆಂಪಿಯರ್' ಎಂದು ಬರೆದ ಸ್ಟಾರ್ಟರ್ ರಿಲೇಯನ್ನು (ವಾಹನದ ಸ್ಟಾರ್ಟರಿಗೆ ಕರೆಂಟ್ ಬಿಡುವ, ವಿದ್ಯುತ್ತಿನಿಂದ ಮುಚ್ಚುವ ಸ್ವಿಚ್ಚನ್ನು) ಗ್ಯಾರೇಜಿನಿಂದ ತಂದು ಜೋಡಿಸಿಬಿಡುತ್ತಾರೆ.

15 ವೋಲ್ಟಿಗೆ ಚಾರ್ಜ್ ಮಾಡಿದ ಆ ಕೆಪಾಸಿಟರಿನಲ್ಲಿರುವುದು 112.5 ಜೂಲ್ ಶಕ್ತಿ. ಇಡೀ ಸರ್ಕಿಟ್ಟಿನ ರೋಧ 5 ಮಿಲಿಓಮ್ ಎಂದಿಟ್ಟುಕೊಂಡರೆ ಮೊದಲ ಕ್ಷಣದ ಪ್ರವಾಹ 3000 ಆಂಪಿಯರ್ ಆಗುತ್ತದೆ. 5 ಮಿಲಿಸೆಕೆಂಡಿನಲ್ಲಿ ಅದು ಸುಮಾರು 1100ಕ್ಕೆ ಇಳಿದಿರುತ್ತದೆ. ರಿಲೇಯ ಸಂಪರ್ಕ ಬಿಂದುಗಳಾದರೋ ಮುಚ್ಚುವಾಗ ಒಮ್ಮೆಲೇ ಕೂರದೆ ಕೆಲವು ಮಿಲಿಸೆಕೆಂಡುಗಳ ಕಾಲ ಪುಟಿಯುತ್ತವೆ, ಎಂದರೆ ಪ್ರವಾಹ ಅತಿ ಜೋರಾಗಿರುವ ಹೊತ್ತಿನಲ್ಲಿಯೇ ಕಿಡಿ ಹಾರಿ ಲೋಹದ ಮೇಲ್ಮೈ ಕರಗುತ್ತದೆ ಮತ್ತು ಮರುಕ್ಷಣ ಅಲ್ಲೇ ಗಟ್ಟಿಯಾಗಿ ಎರಡು ಬಿಂದುಗಳೂ ಬೆಸೆದುಹೋಗುತ್ತವೆ. ಎಲಿಹು ಥಾಮ್ಸನ್ 1886ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಬೆಸುಗೆಯ ತತ್ವವೂ ಇದಕ್ಕೆ ದೂರದ್ದಲ್ಲ: ಒತ್ತಿ ಹಿಡಿದ ಎರಡು ಲೋಹಗಳ ನಡುವಿನ ರೋಧವೇ ಅಲ್ಲಿ ಒಲೆ. ಕಾರವಾರದಂಥ ಊರಿನ ಉಪ್ಪುಗಾಳಿಗೆ ಸಂಪರ್ಕ ಬಿಂದುಗಳು ಮಾಸಿದ್ದರೆ ಆ ರೋಧ ಇನ್ನಷ್ಟು ಹೆಚ್ಚು.

ಹಾಗಾಗಿ ಚಲಿಸುವ ಭಾಗವೇ ಇಲ್ಲದ, ಸಣ್ಣ ವಿದ್ಯುತ್ ಸಂಕೇತದಿಂದ ಹೊತ್ತಿಕೊಳ್ಳುವ ಸಿಲಿಕಾನ್ ಸ್ವಿಚ್ಚಾದ ಎಸ್‌ಸಿಆರ್ ಈ ಕೆಲಸಕ್ಕೆ ಒಗ್ಗುತ್ತದೆ. 1957ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ರೂಪುಗೊಂಡ ಈ ಸಾಧನದ ವಂಶಸ್ಥರೇ ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ ±500 ಕಿಲೋವೋಲ್ಟಿನಲ್ಲಿ ವಿದ್ಯುತ್ ತರುವ ಮಾರ್ಗದ ಎರಡೂ ತುದಿಗಳಲ್ಲಿ ದುಡಿಯುತ್ತಿದ್ದಾರೆ. ಅದನ್ನು ಕೊಳ್ಳುವಾಗ ಮೈಮೇಲಿನ ಆಂಪಿಯರ್ ಅಂಕಿಯನ್ನು ಬಿಟ್ಟು ಡೇಟಾಶೀಟಿನಲ್ಲಿ 'ಐ ಸ್ಕ್ವೇರ್ ಟಿ' (ಪ್ರವಾಹದ ವರ್ಗವನ್ನು ಅದು ಹರಿದ ಕಾಲದಿಂದ ಗುಣಿಸಿದ್ದು, ಎಂದರೆ ಸಾಧನ ತಾಳಬಲ್ಲ ಬಿಸಿಯ ಅಳತೆ) ಎಂಬ ಸಾಲನ್ನು ಹುಡುಕಬೇಕು. ನಮ್ಮ ಸರ್ಕಿಟ್ಟಿಗೆ ಇದರ ಲೆಕ್ಕ ಸುಲಭ: 112.5 ಜೂಲನ್ನು 0.005 ಓಮಿನಿಂದ ಭಾಗಿಸಿದರೆ 22,500. ಡೇಟಾಶೀಟಿನ ಮಿತಿಯು ಅಪರೂಪಕ್ಕೊಮ್ಮೆ ಬರುವ ಅವಘಡಕ್ಕೆಂದು ಕೊಟ್ಟದ್ದೇ ಹೊರತು ದಿನವೂ ನೂರು ಚುಕ್ಕೆ ಬೆಸೆಯಲೆಂದಲ್ಲವಾದ್ದರಿಂದ, ಈ ಮಿತಿ ಲಕ್ಷದ ಆಸುಪಾಸಿನಲ್ಲಿರುವ, ಬೋಲ್ಟಿನಿಂದ ಬಿಗಿಯುವ ದಪ್ಪ ಎಸ್‌ಸಿಆರ್ ಆರಿಸುವುದು ಲೇಸು.

ಇಷ್ಟಾದರೂ ಅದು ಸುಡಬಹುದು, ಅದಕ್ಕೆ ಕಾರಣವೇ ಸ್ವಾರಸ್ಯದ್ದು. ಗೇಟ್ ಎಂಬ ಅದರ ನಿಯಂತ್ರಣ ತುದಿಗೆ ಸಂಕೇತ ಕೊಟ್ಟೊಡನೆ ಸಿಲಿಕಾನ್ ಬಿಲ್ಲೆಯ ಅಷ್ಟಗಲವೂ ಒಟ್ಟಿಗೇ ವಾಹಕವಾಗುವುದಿಲ್ಲ. ಬೇಣದ ಒಣಹುಲ್ಲಿಗೆ ಒಂದು ಮೂಲೆಯಿಂದ ಬೆಂಕಿ ಹಿಡಿದಂತೆ, ಗೇಟಿನ ಪಕ್ಕದ ಕಿರಿದಾದ ಜಾಗದಲ್ಲಿ ಆರಂಭವಾದ ವಹನವು ಮೈಕ್ರೋಸೆಕೆಂಡಿಗೆ ಸುಮಾರು 0.1 ಮಿಲಿಮೀಟರಿನಂತೆ ಹರಡುತ್ತದೆ. ಪ್ರವಾಹ ಅದಕ್ಕಿಂತ ಅವಸರದಲ್ಲಿ ಏರಿದರೆ ಸಾವಿರಾರು ಆಂಪಿಯರ್ ಆ ಒಂದು ಚೂರಿನಲ್ಲೇ ನುಗ್ಗಿ ಅದನ್ನು ತೂತು ಮಾಡುತ್ತದೆ. ಗೇಟಿಗೆ ಅಂಜುತ್ತ ಕೊಟ್ಟ ಕ್ಷೀಣ ಪ್ರವಾಹವೇ ಎಷ್ಟೋ ಸಲ ಇದಕ್ಕೆ ಕಾರಣ. ಥಟ್ಟನೆ ಏರುವ ಬಲವಾದ ಮಿಡಿತ ಕೊಟ್ಟರೆ ಮೊದಲು ಹೊತ್ತಿಕೊಳ್ಳುವ ಜಾಗವೇ ಅಗಲವಾಗಿರುತ್ತದೆ.

ಎಸ್‌ಸಿಆರ್ ಒಂದೆರಡು ವೋಲ್ಟನ್ನು ತಾನೇ ನುಂಗುತ್ತದೆ, ಹೊತ್ತಿಕೊಂಡ ಮೇಲೆ ಕೆಪಾಸಿಟರ್ ಬರಿದಾಗುವವರೆಗೆ ಆರುವುದೂ ಇಲ್ಲ. ಎರಡು ಮಿಡಿತಗಳ ಬೆಸುಗೆ ಬೇಕೆನ್ನುವವರು, ನಡುವೆಯೇ ಆರಿಸಬಲ್ಲ ಸಿಲಿಕಾನ್ ಸ್ವಿಚ್ಚುಗಳಾದ ಮಾಸ್‌ಫೆಟ್‌ಗಳನ್ನು ಸಮಾಂತರವಾಗಿ ಜೋಡಿಸಬೇಕಾಗುತ್ತದೆ. ಆದರೆ ನಡುವೆಯೇ ಪ್ರವಾಹ ಕಡಿಯುವುದರಿಂದ ಕೇಬಲಿನ 1 ಮೈಕ್ರೋಹೆನ್ರಿ ಇಂಡಕ್ಟನ್ಸ್ (ಪ್ರವಾಹದ ಬದಲಾವಣೆಯನ್ನು ವಿರೋಧಿಸುವ ಗುಣ) ಕೂಡ, 1000 ಆಂಪಿಯರ್ ಒಂದು ಮೈಕ್ರೋಸೆಕೆಂಡಿನಲ್ಲಿ ನಿಂತರೆ, 1000 ವೋಲ್ಟ್ ಎಬ್ಬಿಸುತ್ತದೆ. ಆ ಪ್ರವಾಹ ಸುತ್ತಿ ಇಳಿಯಲು ದಾರಿ ಮಾಡಿಕೊಡುವ ದಪ್ಪ ಡಯೋಡನ್ನು ಮೊದಲೇ ಕೂರಿಸಿರಬೇಕು.