ಕಟ್ಟಡದ ಕೀಲಿಯ ಜೊತೆಗೆ ಬರಬೇಕಾದ ಮಾದರಿ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ದೊಡ್ಡ ಕಚೇರಿ ಸಮುಚ್ಚಯದ 4ನೇ ಮಹಡಿಯಲ್ಲಿ, ಫಾಲ್ಸ್ ಸೀಲಿಂಗ್ ಮೇಲೆ ಹಾದುಹೋಗಿದ್ದ ಎ.ಸಿ. ವ್ಯವಸ್ಥೆಯ ತಣ್ಣೀರಿನ ಪೈಪ್ ಸೋರತೊಡಗಿತು. ನೀರು ನಿಲ್ಲಿಸುವ ವಾಲ್ವ್ ಹುಡುಕಲು ನಮ್ಮ ತಂತ್ರಜ್ಞರು ಏಣಿ ಹಾಕಿಕೊಂಡು, ಒಂದಾದ ಮೇಲೊಂದು ಟೈಲ್ ತೆಗೆಯುತ್ತಾ 40 ನಿಮಿಷ ಕಳೆದರು. ಕೆಳಗಿನ ಮೇಜುಗಳೆಲ್ಲ ಅಷ್ಟರಲ್ಲಿ ತೊಯ್ದಿದ್ದವು. ಆ ಕಟ್ಟಡಕ್ಕೆ ಮೂರು ಆಯಾಮದ ಡಿಜಿಟಲ್ ಮಾದರಿ ಇತ್ತು, ಅದರಲ್ಲಿ ಆ ವಾಲ್ವ್ ಕೂಡ ಇತ್ತು. ಆದರೆ ಅದಕ್ಕೆ ಟ್ಯಾಗ್ ಸಂಖ್ಯೆ ಇರಲಿಲ್ಲ, ಯಾವ ಪೈಪ್ ಜಾಲಕ್ಕೆ ಸೇರಿದ್ದೆಂಬ ದಾಖಲೆಯೂ ಇರಲಿಲ್ಲ. ಸಾಲದ್ದಕ್ಕೆ, ನಿರ್ಮಾಣದ ಕೊನೆಯ ತಿಂಗಳುಗಳಲ್ಲಿ ಎ.ಸಿ. ಗಾಳಿ ಸಾಗಿಸುವ ಡಕ್ಟ್‌ಗೆ ಜಾಗ ಮಾಡಲು ಪೈಪನ್ನು 6 ಅಡಿ ಪಕ್ಕಕ್ಕೆ ಸರಿಸಿದ್ದನ್ನು ಮಾದರಿಯಲ್ಲಿ ಯಾರೂ ತಿದ್ದಿರಲಿಲ್ಲ.

ಬಿಮ್ (ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್) ಎಂದು ನಾವು ಕರೆಯುವ ಈ ಮಾದರಿಗಳನ್ನು ದೊಡ್ಡ ಯೋಜನೆಗಳಲ್ಲಿ ಹೆಚ್ಚಾಗಿ ವಿನ್ಯಾಸದ ಹಂತದಲ್ಲಿ, ಕಾಂಕ್ರೀಟ್ ತೊಲೆಗೂ ಡಕ್ಟ್‌ಗೂ ಎಲ್ಲಿ ಡಿಕ್ಕಿಯಾಗುತ್ತದೆ ಎಂದು ಮೊದಲೇ ಕಂಡುಕೊಳ್ಳಲು ಬಳಸಲಾಗುತ್ತದೆ. ಅದು ಬಹಳ ಉಪಯುಕ್ತವಾದ ಕೆಲಸವೇ. ಆದರೆ ನಿರ್ಮಾಣ ಮೂರು ನಾಲ್ಕು ವರ್ಷದಲ್ಲಿ ಮುಗಿಯುತ್ತದೆ, ನಿರ್ವಹಣೆ ದಶಕಗಳವರೆಗೆ ನಡೆಯುತ್ತದೆ. ಅಮೆರಿಕದ ರಾಷ್ಟ್ರೀಯ ಮಾನದಂಡ ಮತ್ತು ತಂತ್ರಜ್ಞಾನ ಸಂಸ್ಥೆ (ಎನ್‌ಐಎಸ್‌ಟಿ) 2004ರಲ್ಲಿ ಪ್ರಕಟಿಸಿದ ಅಧ್ಯಯನವು, ಮಾಹಿತಿ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸರಿಯಾಗಿ ಸಾಗದ ಕಾರಣ ಅಲ್ಲಿನ ನಿರ್ಮಾಣ ಕ್ಷೇತ್ರಕ್ಕೆ 2002ರ ಒಂದೇ ವರ್ಷದಲ್ಲಿ ಸುಮಾರು 1,580 ಕೋಟಿ ಡಾಲರ್ ಹೊರೆ ಬಿದ್ದಿತೆಂದೂ, ಅದರಲ್ಲಿ ಮೂರನೇ ಎರಡು ಪಾಲನ್ನು ಕಟ್ಟಡದ ಮಾಲೀಕರು ಮತ್ತು ನಿರ್ವಾಹಕರೇ ಹೊತ್ತರೆಂದೂ ಅಂದಾಜಿಸಿತ್ತು. ನನ್ನ ಅನುಭವಕ್ಕೆ ಆ ಹಂಚಿಕೆ ಸ್ವಲ್ಪವೂ ಅಚ್ಚರಿ ತರುವುದಿಲ್ಲ.

ನಿರ್ವಹಣೆಗೆ ಬೇಕಾದದ್ದು ಮಾದರಿಯ ಅಂದವಲ್ಲ, ಅದರ ಹಿಂದಿರುವ ಮಾಹಿತಿಯ ಕೋಷ್ಟಕ. ಅಮೆರಿಕದ ಸೇನಾ ಎಂಜಿನಿಯರ್‌ಗಳ ವಿಭಾಗದಲ್ಲಿ ರೂಪುಗೊಂಡ ಕೋಬಿ ಎಂಬ, ಕಟ್ಟಡದ ಮಾಹಿತಿಯನ್ನು ಕೋಷ್ಟಕವಾಗಿ ಹಸ್ತಾಂತರಿಸುವ ವಿಧಾನದಲ್ಲಿ ಮಹಡಿ, ಕೋಣೆ, ಉಪಕರಣದ ಬಗೆ, ಬಿಡಿ ಉಪಕರಣ, ಬಿಡಿಭಾಗ, ನಿರ್ವಹಣಾ ಕೆಲಸ ಎಲ್ಲಕ್ಕೂ ಪ್ರತ್ಯೇಕ ಹಾಳೆಗಳಿವೆ. ಇಲ್ಲಿ ಬಗೆ ಮತ್ತು ಬಿಡಿ ಉಪಕರಣದ ನಡುವಿನ ವ್ಯತ್ಯಾಸವೇ ಮುಖ್ಯ. ಒಂದೇ ಕಂಪನಿಯ ಒಂದೇ ಮಾಡೆಲ್‌ನ ಏರ್ ಹ್ಯಾಂಡ್ಲಿಂಗ್ ಯೂನಿಟ್‌ಗಳು (ಗಾಳಿಯನ್ನು ಸೋಸಿ, ತಣ್ಣಗಾಗಿಸಿ ಕೋಣೆಗಳಿಗೆ ಕಳಿಸುವ ಯಂತ್ರಗಳು) ಕಟ್ಟಡದಲ್ಲಿ 30 ಇದ್ದರೆ, ಫಿಲ್ಟರ್‌ನ ಅಳತೆ, ಬೆಲ್ಟ್‌ನ ಮಾಡೆಲ್ ಸಂಖ್ಯೆ, ಸರ್ವಿಸ್ ಮಾಡಬೇಕಾದ ಅವಧಿ ಇವನ್ನು ಬಗೆಯ ಹಾಳೆಯಲ್ಲಿ ಒಮ್ಮೆ ಬರೆದರೆ ಸಾಕು. ಸೀರಿಯಲ್ ಸಂಖ್ಯೆ, ಇರುವ ಕೋಣೆ, ಚಾಲನೆಗೆ ಬಂದ ದಿನ, ವಾರಂಟಿ ಶುರುವಾದ ದಿನ ಇವನ್ನು ಮಾತ್ರ 30 ಸಾಲುಗಳಲ್ಲಿ ಬೇರೆಬೇರೆಯಾಗಿ ತುಂಬಬೇಕು. ಈ ಕೋಷ್ಟಕವನ್ನು ನಿರ್ವಹಣಾ ಸಾಫ್ಟ್‌ವೇರ್‌ಗೆ ಸೇರಿಸಿದರೆ, ಪ್ಲಾಂಟ್ ರೂಮಿನಲ್ಲಿ ನಿಂತ ತಂತ್ರಜ್ಞ ಯಂತ್ರದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಬೆಲ್ಟ್ ಸಂಖ್ಯೆಯನ್ನು ಫೋನಿನಲ್ಲೇ ನೋಡಬಹುದು. ಯಂತ್ರ ಬಿಚ್ಚಿ, ಅಳತೆ ತೆಗೆದುಕೊಂಡು, ಅಂಗಡಿಗೆ ಹೋಗಿ ಮತ್ತೆ ಬರುವುದು ತಪ್ಪುತ್ತದೆ.

ಇದನ್ನೆಲ್ಲ ಕೇಳಬೇಕಾದವರು ಮಾಲೀಕರು, ಕೇಳಬೇಕಾದದ್ದು ಟೆಂಡರ್ ಹಂತದಲ್ಲಿ. ಬಿಮ್ ಮಾಹಿತಿಯ ನಿರ್ವಹಣೆಗಿರುವ ಅಂತರರಾಷ್ಟ್ರೀಯ ಐಎಸ್‌ಒ 19650 ಮಾನದಂಡಗಳು, ಅದರಲ್ಲೂ ಬಳಕೆಯ ಹಂತಕ್ಕೆಂದು 2020ರಲ್ಲಿ ಬಂದ 3ನೇ ಭಾಗ, ಹೇಳುವುದೂ ಇದನ್ನೇ: ಯಾವ ಮಾಹಿತಿ, ಯಾರಿಂದ, ಯಾವಾಗ ಬೇಕು ಎಂಬುದನ್ನು ಮೊದಲೇ ಲಿಖಿತವಾಗಿ ನಿಗದಿಪಡಿಸಬೇಕು. ಆ ಪಟ್ಟಿಯನ್ನು ಬರೆಯುವಾಗ ಮುಂದೆ ಕಟ್ಟಡವನ್ನು ನೋಡಿಕೊಳ್ಳುವವರೂ ಮೇಜಿನ ಬಳಿ ಇರಲೇಬೇಕು ಎಂದು ನಾನು ಪ್ರತಿ ಯೋಜನೆಯಲ್ಲೂ ಹಟ ಹಿಡಿಯುತ್ತೇನೆ. ಅವರಿಲ್ಲದೆ ಬರೆದ ಪಟ್ಟಿಯಲ್ಲಿ ಬಾಗಿಲ ಹಿಡಿಕೆಯ ಬಣ್ಣ ಇರುತ್ತದೆ, ಬೆಂಕಿ ಬಿದ್ದಾಗ ಡಕ್ಟನ್ನು ಮುಚ್ಚುವ ಫೈರ್ ಡ್ಯಾಂಪರ್ ಪರೀಕ್ಷಿಸಲು ತೆರೆಯಬೇಕಾದ ಪ್ಯಾನೆಲ್ ಇರುವುದಿಲ್ಲ.

ಹಸ್ತಾಂತರದ ನಂತರದ ಕಷ್ಟ ಬೇರೆ. ನಮ್ಮ ಟೆಕ್ ಪಾರ್ಕ್‌ಗಳಲ್ಲಿ ಬಾಡಿಗೆದಾರರು ಬದಲಾದಂತೆ ಒಳಗಿನ ಗೋಡೆ, ಸ್ಪ್ರಿಂಕ್ಲರ್, ವೈರಿಂಗ್ ಎಲ್ಲ ಬದಲಾಗುತ್ತವೆ. ಪ್ರತಿ ಬದಲಾವಣೆಯ ಅನುಮತಿ ಪತ್ರಕ್ಕೆ ಮಾದರಿಯ ತಿದ್ದುಪಡಿಯನ್ನು ಷರತ್ತಾಗಿ ಜೋಡಿಸದಿದ್ದರೆ, ಎರಡು ಮೂರು ವರ್ಷದಲ್ಲಿ ಆ ಮಾದರಿ, ವಾಸ್ತವದಲ್ಲಿ ಇಲ್ಲದ ಕಟ್ಟಡದ ಚಿತ್ರವಾಗಿಬಿಡುತ್ತದೆ.

ಹಸ್ತಾಂತರಕ್ಕೆ ಸಹಿ ಹಾಕುವ ಮುನ್ನ ನಾನು ಪ್ರತಿ ಮಹಡಿಯ ಮಾದರಿಯಿಂದ 20 ಉಪಕರಣಗಳನ್ನು ಮನಬಂದಂತೆ ಆರಿಸಿಕೊಂಡು, ಗುತ್ತಿಗೆದಾರರ ಎಂಜಿನಿಯರ್ ಜೊತೆಗೆ ಏಣಿ, ಟಾರ್ಚ್ ಹಿಡಿದು ಹೋಗಿ ಟ್ಯಾಗ್ ಮತ್ತು ಸೀರಿಯಲ್ ಸಂಖ್ಯೆಗಳನ್ನು ಓದಿಸುತ್ತೇನೆ. ಎರಡು ತಪ್ಪು ಸಿಕ್ಕರೂ ಆ ಮಹಡಿಯ ಇಡೀ ದಾಖಲೆ ವಾಪಸ್ ಹೋಗುತ್ತದೆ.