‘ಸಂಘದ ದುಡ್ಡು ನುಂಗಿದ್ದಾನೆ’: ಒಂದು ವಾಟ್ಸಾಪ್ ಸಂದೇಶದ ಸುತ್ತ ಮಾನ, ನ್ಯಾಯ, ಖಾಸಗಿತನ

ಓದಿಗೆ ಅನುಕೂಲವಾಗಲೆಂದು ಒಂದು ಕಲ್ಪಿತ ಪ್ರಸಂಗ ಇಟ್ಟುಕೊಳ್ಳೋಣ. ಮುಂಬಯಿಯ ಒಂದು ಕನ್ನಡ ಸಂಘ. ಅದರ ಕೋಶಾಧಿಕಾರಿ ಮುಲುಂಡಿನಲ್ಲಿದ್ದಾರೆ. ಡೊಂಬಿವಲಿಯ ಸದಸ್ಯನೊಬ್ಬ ಸಂಘದ ವಾಟ್ಸಾಪ್ ಗುಂಪಿಗೆ ರಾತ್ರಿ ಹೀಗೆ ಹಾಕುತ್ತಾನೆ: ‘ವಿದ್ಯಾರ್ಥಿವೇತನದ ದುಡ್ಡು ಈತ ನುಂಗಿದ್ದಾನೆ. ಮಗಳ ಮದುವೆ ಹೇಗಾಯಿತು ಅಂತ ಈಗ ಗೊತ್ತಾಯಿತಲ್ಲ!’ ಜೊತೆಗೆ ಮಗಳ ಮದುವೆಯ ಫೋಟೊ, ಮನೆಯ ಫ್ಲ್ಯಾಟ್ ನಂಬರು. ಬೆಳಗಾಗುವಷ್ಟರಲ್ಲಿ ಅದು ಕಾರ್ಕಳದ ನೆಂಟರ ಗುಂಪಿಗೂ ಹೋಗಿದೆ. ವಾರ ಕಳೆದು ಎಫ್‌ಐಆರ್ ಆಗುತ್ತದೆ. ಯೂಟ್ಯೂಬ್ ಚಾನೆಲ್ಲೊಂದು ‘ಬಡಮಕ್ಕಳ ಹಣ ತಿಂದ ಕಳ್ಳ’ ಎಂದು ವಿಡಿಯೊ ಏರಿಸುತ್ತದೆ.

ಇದನ್ನು ಪರೀಕ್ಷೆಯಲ್ಲಿ ಪ್ರಶ್ನೆಯಾಗಿ ಕೊಟ್ಟರೆ ಬಹಳ ಮಂದಿ ‘ಮಾನನಷ್ಟ ಮೊಕದ್ದಮೆ’ ಎಂದು ಒಂದೇ ಉತ್ತರ ಬರೆದು ಮುಗಿಸುತ್ತಾರೆ. ಅಲ್ಲೇ ಎಡವುವುದು. ‘ನುಂಗಿದ್ದಾನೆ’ ಎಂಬ ಮಾತು ಹೊಡೆದದ್ದು ತಂದೆಯ ಮಾನಕ್ಕೆ. ಫೋಟೊ ಮತ್ತು ಫ್ಲ್ಯಾಟ್ ನಂಬರು ತಗಲಿದ್ದು ಮುಖ್ಯವಾಗಿ ಮಗಳ ಖಾಸಗಿತನಕ್ಕೆ. ‘ಕಳ್ಳ’ ಎಂಬ ವಿಡಿಯೊ ಕೈಹಾಕಿದ್ದು ನಡೆಯಬೇಕಾದ ವಿಚಾರಣೆಗೆ. ಮೂರಕ್ಕೂ ಕಾನೂನು ಬೇರೆ, ಗಡುವು ಬೇರೆ, ದೂರು ಕೊಡಬೇಕಾದವರೂ ಬೇರೆ.

ಮೊದಲು ಮಾನ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ 499, 500ನೇ ಕಲಮುಗಳ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಬಂದಿದೆ. ಗರಿಷ್ಠ ಎರಡು ವರ್ಷದ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ. ಇಷ್ಟು ಹಳೆಯದೇ. ಸಮುದಾಯ ಸೇವೆ ಹೊಸ ಸೇರ್ಪಡೆ. ಕ್ರಿಮಿನಲ್ ಮಾನಹಾನಿ ಸಂವಿಧಾನಬದ್ಧವೇ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 2016ರ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಹೌದೆಂದು ತೀರ್ಮಾನಿಸಿ, ಮಾನವೂ 21ನೇ ವಿಧಿಯೊಳಗಿನ ಬದುಕುವ ಹಕ್ಕಿನ ಭಾಗವೆಂದಿತು.

ಪೊಲೀಸ್ ಠಾಣೆಗೆ ಹೋದರೆ ಏನಾಗುತ್ತದೆ? ಇದು ಅಸಂಜ್ಞೇಯ (ನಾನ್-ಕಾಗ್ನಿಜಬಲ್, ‘ಎನ್‌ಸಿ’) ಅಪರಾಧ, ಪೊಲೀಸರು ತಾವಾಗಿ ತನಿಖೆಗೆ ಇಳಿಯಲಾಗದಂಥದು. ಮುಂಬಯಿಯಲ್ಲಿ ‘ಎನ್‌ಸಿ’ ಬರೆದುಕೊಂಡು ಒಂದು ಪ್ರತಿ ಕೈಗೆ ಕೊಡುತ್ತಾರೆ. ‘ಎನ್‌ಸಿ ಆಯಿತು, ಇನ್ನು ಪೊಲೀಸರು ನೋಡಿಕೊಳ್ಳುತ್ತಾರೆ’ ಎಂದು ಕಾಯುತ್ತ ಕೂತರೆ ಕಾಲ ಹೋಗುತ್ತದೆ ಅಷ್ಟೆ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಹಾಕಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಜಾಗದಲ್ಲಿ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಮಿನ ಪ್ರಕಾರ, ದೂರನ್ನು ವಿಚಾರಣೆಗೆ ಎತ್ತಿಕೊಳ್ಳುವ ಮೊದಲು ಎದುರಾಳಿಗೂ ಮಾತಾಡಲು ಅವಕಾಶ ಕೊಡಬೇಕು. ಮೊದಲು ಹೀಗಿರಲಿಲ್ಲ.

ಪರಿಹಾರ ಬೇಕಿದ್ದರೆ ಸಿವಿಲ್ ದಾವೆ. ಇಲ್ಲಿನ ದೊಡ್ಡ ಹೊಂಡ ಕಾಲಮಿತಿ. ಕ್ರಿಮಿನಲ್ ದೂರಿಗೆ ಮೂರು ವರ್ಷ ಇದೆ, ಸಿವಿಲ್ ದಾವೆಗೆ ಒಂದೇ ವರ್ಷ, ಅದೂ ಪ್ರಕಟವಾದ ದಿನದಿಂದ. ಎನ್‌ಸಿ ಹಿಡಿದುಕೊಂಡು, ‘ಸಂಘದ ಹಿರಿಯರು ರಾಜಿ ಮಾಡಿಸುತ್ತಾರೆ’ ಎಂದು ಎರಡು ವಾರ್ಷಿಕ ಮಹಾಸಭೆ ಕಾದವರಿಗೆ ಸಿವಿಲ್ ದಾರಿ ಮುಚ್ಚಿಹೋಗಿರುತ್ತದೆ.

ದಾವೆ ಎಲ್ಲಿ ಹೂಡಬೇಕು? ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಕಲಮು ನೋಡಿ: ಪ್ರತಿವಾದಿ ವಾಸಿಸುವ ಊರಿನಲ್ಲಿ, ಅಥವಾ ಹಾನಿ ಆದ ಊರಿನಲ್ಲಿ, ಆಯ್ಕೆ ವಾದಿಯದು. ನಮ್ಮ ಪ್ರಸಂಗದಲ್ಲಿ ಡೊಂಬಿವಲಿ ಇರುವುದು ಥಾಣೆ ಜಿಲ್ಲೆಯಲ್ಲಿ, ಹಾಗಾಗಿ ಕಲ್ಯಾಣದ ಕೋರ್ಟು. ಮುಲುಂಡು ಬೃಹನ್ಮುಂಬಯಿಯೊಳಗಿದೆ, ಆದ್ದರಿಂದ ಸಿಟಿ ಸಿವಿಲ್ ಕೋರ್ಟು. ಕಾರ್ಕಳದ ನೆಂಟರು ಓದಿ ಹಾನಿಯಾಗಿದೆ ಎಂದು ಅಲ್ಲಿಯೂ ಹೂಡಬಹುದು. ಆದರೆ ಪ್ರತಿ ತಾರೀಖಿಗೂ ರೈಲು ಹತ್ತುವ ತಾಕತ್ತು ಇರಬೇಕು.

ಸತ್ಯವೇ ಹೇಳಿದ್ದು ಎಂಬ ಸಮರ್ಥನೆಯಲ್ಲೂ ಒಂದು ಸೂಕ್ಷ್ಮವಿದೆ. ಸಿವಿಲ್‌ನಲ್ಲಿ ಮಾತು ಸತ್ಯವೆಂದು ಸಾಬೀತಾದರೆ ಸಾಕು. ಕ್ರಿಮಿನಲ್‌ನಲ್ಲಿ ಸತ್ಯವಾಗಿರಬೇಕು, ಜೊತೆಗೆ ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದಾಗಿರಬೇಕು. ವಿದ್ಯಾರ್ಥಿವೇತನದ ಲೆಕ್ಕ ಕೇಳುವುದು ಸಾರ್ವಜನಿಕ ಹಿತವೆನ್ನಿಸೀತು, ಮಗಳ ಮದುವೆಯ ಮಾತು ಆಗಲಾರದು. ಇನ್ನು 356ನೇ ಕಲಮಿನ ಎಂಟನೇ ವಿನಾಯಿತಿಯನ್ನು ಯಾರೂ ಓದುವುದಿಲ್ಲ: ವಿಚಾರಿಸುವ ಅಧಿಕಾರವಿರುವವರಿಗೆ ಸದ್ಭಾವನೆಯಿಂದ ಕೊಟ್ಟ ದೂರು ಮಾನಹಾನಿಯಲ್ಲ. ಸಂಘ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ನೋಂದಾಯಿತವಾಗಿದ್ದರೆ, ಅದೇ ಸಂಶಯವನ್ನು ವರ್ಲಿಯ ಚಾರಿಟಿ ಕಮಿಷನರ್ ಕಚೇರಿಗೆ ಬರೆದುಕೊಟ್ಟ ಸದಸ್ಯನಿಗೆ ಈ ರಕ್ಷಣೆ ಸಿಗುತ್ತದೆ. ಗುಂಪಿಗೆ ಹಾಕಿದವನು ಆ ವಿನಾಯಿತಿಯನ್ನು ನೆಚ್ಚುವಂತಿಲ್ಲ.

ಗುಂಪಿನ ಅಡ್ಮಿನ್ ಮೇಲೂ ಕೇಸು ಹಾಕಬಹುದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಕಿಶೋರ್ ತರೋನೆ ಪ್ರಕರಣದಲ್ಲಿ ಹೇಳಿದ್ದು: ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ, ಇಬ್ಬರೂ ಸೇರಿ ಹೂಡಿದ ಹುನ್ನಾರ ಇದ್ದರೆ ಮಾತ್ರ ಬೇರೆ ಮಾತು. ಆದರೆ ಫಾರ್ವರ್ಡ್ ಮಾಡಿದವನಿಗೆ ಈ ನೆಪ ಇಲ್ಲ. ಮಾನಹಾನಿಯ ಮಾತನ್ನು ಮತ್ತೊಬ್ಬರಿಗೆ ದಾಟಿಸುವುದೂ ಪ್ರಕಟಣೆಯೇ. ‘ಬಂದದ್ದನ್ನು ಬಂದ ಹಾಗೆ ಕಳಿಸಿದ್ದೇನೆ’ ಎಂಬುದು ಉತ್ತರವಾಗುವುದಿಲ್ಲ.

ಸಾಕ್ಷ್ಯದ ಬಗ್ಗೆ ಸ್ವಲ್ಪ ನಿಂತು ನೋಡಬೇಕು, ಕೇಸು ಇಲ್ಲೇ ಸೋಲಬಹುದು. ಸ್ಕ್ರೀನ್‌ಶಾಟಿನಲ್ಲಿ ‘ಶೆಟ್ರು ಡೊಂಬಿವಲಿ’ ಎಂದು ನೀವು ಸೇವ್ ಮಾಡಿದ ಹೆಸರು ಕಾಣುತ್ತದೆಯೇ ಹೊರತು ನಂಬರು ಕಾಣುವುದಿಲ್ಲ. ಕಾಂಟ್ಯಾಕ್ಟ್ ಮಾಹಿತಿಯ ಪುಟ ತೆರೆದು ನಂಬರು ಕಾಣುವ ಹಾಗೆ ಇನ್ನೊಂದು ಚಿತ್ರ ತೆಗೆಯಿರಿ. ಆಮೇಲೆ ‘ಎಕ್ಸ್‌ಪೋರ್ಟ್ ಚಾಟ್’ ಮಾಡಿ ದಿನ, ಗಂಟೆ ಸಹಿತ ಇಡೀ ಮಾತುಕತೆ ಉಳಿಸಿಕೊಳ್ಳಿ. ಹಿಂದುಮುಂದಿನ ಸಂದೇಶಗಳಿಲ್ಲದ ಒಂದೇ ಸಾಲನ್ನು ಎದುರಾಳಿ ವಕೀಲರು ‘ತಮಾಷೆ’ ಎಂದು ತಳ್ಳಿಹಾಕುತ್ತಾರೆ. ಸಂದೇಶದ ಮೇಲೆ ಫಾರ್ವರ್ಡ್ ಗುರುತು ಇದೆಯೇ ಎಂದೂ ನೋಡಿ. ಗುರುತು ಇಲ್ಲವೆಂದರೆ ಆತನೇ ಬರೆದದ್ದು ಎಂದೇನಲ್ಲ, ಕಾಪಿ ಮಾಡಿ ಅಂಟಿಸಿದರೂ ಗುರುತು ಬರುವುದಿಲ್ಲ. ಯೂಟ್ಯೂಬ್, ಫೇಸ್‌ಬುಕ್ ಆದರೆ ವಿಡಿಯೊದ ಅಥವಾ ಪೋಸ್ಟಿನ ಪೂರ್ತಿ ಲಿಂಕ್ ಬೇಕು, ಚಾನೆಲ್ಲಿನ ಹೆಸರು ಸಾಲದು.

ಇದೆಲ್ಲ ಕೋರ್ಟಿನಲ್ಲಿ ನಿಲ್ಲಲು ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಇದೇ. ಈಗ ಅದಕ್ಕೆ ಎರಡು ಭಾಗ: ‘ಎ’ ಭಾಗ ಹಾಜರುಪಡಿಸುವವರದು, ‘ಬಿ’ ಭಾಗ ತಜ್ಞರದು. ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು ಎಂದುಕೊಳ್ಳಿ. ಒಂದು ಅಕ್ಷರ ಬದಲಾದರೂ ಅದು ಬದಲಾಗುತ್ತದೆ. ಆದ್ದರಿಂದ ಸ್ಕ್ರೀನ್‌ಶಾಟನ್ನು ಕತ್ತರಿಸಿ, ಕೆಂಪು ಗೆರೆ ಎಳೆದು ‘ಚಂದ’ ಮಾಡಿದ ಪ್ರತಿಯನ್ನಷ್ಟೇ ಇಟ್ಟುಕೊಳ್ಳಬೇಡಿ. ಸಂದೇಶ ಬಂದ ಫೋನನ್ನು ಮಾರುವುದು, ರೀಸೆಟ್ ಮಾಡುವುದು ಬೇಡವೇ ಬೇಡ.

ಮುಂಬಯಿ ಕನ್ನಡಿಗರಿಗೆ ಬರುವ ಇನ್ನೊಂದು ತೊಡಕೂ ಇದೆ. ಮಾನಹಾನಿ ನಿಲ್ಲುವುದು ಆಡಿದ ಪದದ ಮೇಲೆ. ಇಲ್ಲಿನ ಕೋರ್ಟಿಗೆ ಮರಾಠಿ ಅಥವಾ ಇಂಗ್ಲಿಷ್ ಅನುವಾದ ಬೇಕು. ಸಾರಾಂಶ ಬರೆದರೆ ಸಾಲದು, ಮೂಲ ಪದಗಳನ್ನು ಹಾಗೇ ಕೊಟ್ಟು ಪಕ್ಕದಲ್ಲಿ ಅನುವಾದ ಇಡಬೇಕು. ಸಂದೇಶ ತುಳುವಿನಲ್ಲಿದ್ದರೆ ಇನ್ನೂ ಎಚ್ಚರ: ತುಳುವಿನ ‘ಆಯೆ ತಿಂದೆ’ ಎಂದರೆ ‘ಅವನು ತಿಂದ’. ತುಳು ಬಾರದ ಕನ್ನಡದ ಅನುವಾದಕ ‘ತಿಂದೆ’ಯನ್ನು ‘ನಾನು ತಿಂದೆ’ ಎಂದು ಓದಿದರೆ ಆರೋಪವೇ ತಲೆಕೆಳಗು.

ಇನ್ನು ಮಗಳ ಫೋಟೊ. ಇಲ್ಲಿ ಉತ್ತರ ಪತ್ರಿಕೆಗಳಲ್ಲಿ ಕಾಣುವ ಮಾಮೂಲು ತಪ್ಪು, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ. ಆ ಕಲಮು ಇರುವುದು ದೇಹದ ಗುಪ್ತ ಭಾಗಗಳ ಚಿತ್ರಗಳಿಗೆ, ಸೀರೆ ಉಟ್ಟು ನಿಂತ ಮದುವೆಯ ಫೋಟೊಕ್ಕಲ್ಲ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು (ಆ ಪ್ರಕರಣದ ಅರ್ಜಿದಾರ ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು). ಆದರೆ ಆ ತೀರ್ಪಿನ ಮೊನೆ ಮುಖ್ಯವಾಗಿ ಸರ್ಕಾರದ ಕಡೆಗಿದೆ. ಪಕ್ಕದ ಮನೆಯವನ ವಿರುದ್ಧ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒದಗುವುದಿಲ್ಲ, ವೈಯಕ್ತಿಕ ಹಾಗೂ ಮನೆಮಟ್ಟಿನ ಬಳಕೆಯನ್ನು ಅದೇ ಹೊರಗಿಟ್ಟಿದೆ.

ಒದಗುವುದು 2021ರ ಐಟಿ ನಿಯಮಗಳು. ಮೂಲ ನಿಯಮದಲ್ಲಿ ವೇದಿಕೆಯ ಕುಂದುಕೊರತೆ ಅಧಿಕಾರಿ 24 ಗಂಟೆಯೊಳಗೆ ದೂರು ಬಂದದ್ದನ್ನು ತಿಳಿಸಿ, 15 ದಿನದಲ್ಲಿ ಇತ್ಯರ್ಥ ಮಾಡಬೇಕಿತ್ತು. ತಿದ್ದುಪಡಿಗಳು ಬರುತ್ತಲೇ ಇರುವುದರಿಂದ ಗಡುವುಗಳನ್ನು ಹೊಸ ಪಠ್ಯದಲ್ಲೇ ನೋಡಿಕೊಳ್ಳಿ. ಅಧಿಕಾರಿಯ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಸಮಿತಿಗೆ ಹೋಗಬಹುದು. ವಾಟ್ಸಾಪಿನಲ್ಲಿ ಈ ದಾರಿ ಬಡವಾದದ್ದು: ನೀವು ರಿಪೋರ್ಟ್ ಒತ್ತಿದರೆ ಕಂಪನಿಗೆ ಹೋಗುವುದು ಕೊನೆಯ ಐದು ಸಂದೇಶ ಮಾತ್ರ. ಕಾರ್ಕಳದ ಗುಂಪಿನ ಪ್ರತಿಯನ್ನು ಅದು ಅಳಿಸುವುದಿಲ್ಲ.

ಮೂರನೆಯದು ನ್ಯಾಯ. ಮುಂಬಯಿಗೆ ಇದು ಹಳೆಯ ಕಥೆ. 1959ರಲ್ಲಿ ನೌಕಾಪಡೆಯ ಅಧಿಕಾರಿ ನಾನಾವತಿಯ ಮೇಲಿನ ಕೊಲೆ ಪ್ರಕರಣದಲ್ಲಿ ಬ್ಲಿಟ್ಜ್ ವಾರಪತ್ರಿಕೆ ಆರೋಪಿಯ ಪರವಾಗಿ ಬಹಿರಂಗವಾಗಿ ನಿಂತಿತ್ತು. ಜ್ಯೂರಿ (ತೀರ್ಪು ಹೇಳಲು ಆರಿಸಿದ ಸಾಮಾನ್ಯ ನಾಗರಿಕರ ಮಂಡಳಿ) 8–1ರಿಂದ ‘ನಿರ್ದೋಷಿ’ ಎಂದಿತು. ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಒಪ್ಪಿಸಿದರು, ಅಲ್ಲಿ ಜೀವಾವಧಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಈಗ ಜ್ಯೂರಿ ಇಲ್ಲವಲ್ಲ, ನ್ಯಾಯಾಧೀಶರು ಟಿವಿ ನೋಡಿ ಬದಲಾಗುತ್ತಾರೆಯೇ ಎಂದು ಕೇಳುವವರಿದ್ದಾರೆ. ಕೆಡುವುದು ಅದಕ್ಕೂ ಮುಂಚೆ, ಸಾಕ್ಷಿಗಳಲ್ಲಿ. ಆರೋಪಿಯ ಮುಖ ಪರದೆಯಲ್ಲಿ ಓಡಾಡಿದ ಮೇಲೆ ಹಲವರ ನಡುವೆ ಸಾಕ್ಷಿ ಆತನನ್ನು ಗುರುತಿಸಬೇಕಾದ ಗುರುತು ಪತ್ತೆ ಪರೇಡಿಗೆ ಬೆಲೆ ಉಳಿಯುವುದಿಲ್ಲ. ಪೊಲೀಸರು ಮುಖಕ್ಕೆ ಕಪ್ಪು ಬಟ್ಟೆ ಹಾಕುವುದು ಅದಕ್ಕೇ. ‘ತಪ್ಪೊಪ್ಪಿಕೊಂಡ’ ಎಂಬ ಶೀರ್ಷಿಕೆಯೂ ಹಾಗೇ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವೇ ಅಲ್ಲ, ಊರಿನಲ್ಲಿ ಮಾತ್ರ ಅದೇ ತೀರ್ಪು.

2021ರ ಜನವರಿ 18ರ ನೀಲೇಶ್ ನವಲಖಾ ತೀರ್ಪನ್ನು ಬಾಂಬೆ ಹೈಕೋರ್ಟ್ ಕೊಟ್ಟದ್ದು ಈ ಹಿನ್ನೆಲೆಯಲ್ಲಿ. ನಟ ಸುಶಾಂತ್ ಸಿಂಗ್ ರಜಪೂತ್ ಸಾವಿನ ಟಿವಿ ಪ್ರಸಾರದಿಂದ ಎದ್ದ ಪ್ರಕರಣ ಅದು. ತನಿಖೆ ನಡೆಯುತ್ತಿರುವಾಗ ಸಾಕ್ಷಿಗಳನ್ನು ಸಂದರ್ಶಿಸುವುದು, ಘಟನೆಯನ್ನು ಮರುಸೃಷ್ಟಿಸಿ ತೋರಿಸುವುದು, ತಪ್ಪೊಪ್ಪಿಗೆಯನ್ನು ಪುರಾವೆಯೆಂಬಂತೆ ಪ್ರಸಾರ ಮಾಡುವುದು ಸಲ್ಲದೆಂದಿತು. ಪತ್ರಿಕೆಯಾದರೆ ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಬಹುದು. ಮೊದಲು ಸಂಪಾದಕರಿಗೆ ಬರೆಯಬೇಕು, ದಿನಪತ್ರಿಕೆ, ವಾರಪತ್ರಿಕೆಗಳಿಗೆ ಎರಡು ತಿಂಗಳ ಮಿತಿ. ಕೌನ್ಸಿಲ್ ಛೀಮಾರಿ ಹಾಕಬಹುದು, ದಂಡ ಹಾಕಲಾರದು. ನಮ್ಮ ಪ್ರಸಂಗದ ಯೂಟ್ಯೂಬ್ ಚಾನೆಲ್ ಅದರ ಕೈಗೆ ಸಿಗುವುದೇ ಇಲ್ಲ.

ಕೋಶಾಧಿಕಾರಿ ಖುಲಾಸೆಯಾದರೂ ಹೆಸರು ಹುಡುಕಿದರೆ ಹಳೆಯ ವಿಡಿಯೊ ಬರುತ್ತಲೇ ಇರುತ್ತದೆ. ‘ಮರೆಯಾಗುವ ಹಕ್ಕು’ ಎಂದು ಬರೆಯುವಾಗ ಕರ್ನಾಟಕ ಹೈಕೋರ್ಟಿನ 2017ರ ವಾಸುನಾಥನ್ ಆದೇಶವನ್ನು ಉಲ್ಲೇಖಿಸುತ್ತಾರೆ. ಅದು ತಂದೆಯೊಬ್ಬರು ಮಗಳ ಪರವಾಗಿ ಕೇಳಿ ಪಡೆದದ್ದು: ಅಂತರ್ಜಾಲದ ಹುಡುಕಾಟದಲ್ಲಿ ಆದೇಶದೊಳಗಿನ ಆಕೆಯ ಹೆಸರು ಕಾಣದಂತೆ ಮಾಡಲು ಕೋರ್ಟ್ ಹೇಳಿತು. ಪ್ರಮಾಣೀಕೃತ ಪ್ರತಿ ಕೇಳಿದವರಿಗೆ ಆ ಹೆಸರು ಹಾಗೆಯೇ ಸಿಗುತ್ತದೆ.